ಆರೋಗ್ಯಮ್ಮ ಸಮಾಧಿ ಬಿಟ್ಟು ಏಳಲಿಲ್ಲ

ಆರೋಗ್ಯಮ್ಮನಿಗೆ ನನ್ನ ಮೇಲೆ ಮೊದಲ ಸಲ ಸಿಟ್ಟು ಬಂದದ್ದು ಬೈಬಲ್ ಪಾಠದ ನಡುವೆ. ಅದು ೨೦೦೬ರ ಏಪ್ರಿಲ್. ನಾನು ನಮ್ಮೂರ ದೇವಾಲಯದ ಉಪದೇಶಿ. ಫಾದರ್ ಬಾರದ ವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಹೆಂಗಸರ ಸಂಘಕ್ಕೆ ಪಾಠ ಹೇಳುವುದು ನನ್ನ ಕೆಲಸ. ಬಿಡದಿಯಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಕ್ರೈಸ್ತರ ಮನೆಗಳು ಮೂವತ್ತೆಂಟು.

ಆವತ್ತು ನಾನು ಹೇಳಿದ್ದು ರಿಚ್ಪಾಳ ಕಥೆ. ಹಿಂದಿನ ರಾಜ ಸೌಲ ಗಿಬ್ಯೋನಿನವರನ್ನು ಕೊಲ್ಲಿಸಿದ್ದ. ಅದಕ್ಕೆ ಬದಲಾಗಿ ಸೌಲನ ವಂಶದ ಏಳು ಗಂಡಸರನ್ನು ಕೊಡಿ ಎಂದು ಅವರು ಕೇಳಿದರು. ದಾವೀದ ರಾಜ ಕೊಟ್ಟ. ಏಳು ಜನರನ್ನೂ ಬೆಟ್ಟದ ಮೇಲೆ ನೇಣು ಹಾಕಿದರು. ಅವರಲ್ಲಿ ಇಬ್ಬರು ರಿಚ್ಪಾಳ ಮಕ್ಕಳು. ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಳು. ಸುಗ್ಗಿಯಿಂದ ಮಳೆ ಬೀಳುವ ತನಕ ಹದ್ದುಗಳನ್ನೂ ಕಾಡುಪ್ರಾಣಿಗಳನ್ನೂ ಹೆಣಗಳ ಹತ್ತಿರ ಬಿಡಲಿಲ್ಲ.

"ಇದರಿಂದ ನಾವು ಕಲಿಯೋದೇನು?" ಎಂದು ನಾನು ಬರೆದುಕೊಂಡು ಬಂದಿದ್ದ ಹಾಳೆ ನೋಡಿದೆ. "ತಾಳ್ಮೆ. ತಾಯಿಯ ಪ್ರೀತಿ. ದೇವರ ಚಿತ್ತಕ್ಕೆ ತಲೆಬಾಗೋದು."

ಹಿಂದಿನ ಸಾಲಿನಿಂದ ಆರೋಗ್ಯಮ್ಮ ಕೇಳಿದಳು. "ಉಪದೇಶಿಗಳೇ, ಆ ಮಕ್ಕಳ್ನ ಕೊಟ್ಟವ್ನು ಯಾರು?"

"ದಾವೀದ ರಾಜ."

"ನಾವು ದಿನಾ ಹೇಳೋ ಕೀರ್ತನೆ ಅವ್ನದೇ ಅಲ್ವಾ?"

"ಹೌದು."

"ಅವ್ನು ಕೊಟ್ಟ, ಇವ್ಳು ಕೂತ್ಲು. ಇದ್ಕೆ ತಾಳ್ಮೆ ಅಂತೀರಾ? ಆವಮ್ಮ ಸಿಟ್ಟಲ್ಲಿ ಕೂತವ್ಳೆ. ಊರೆಲ್ಲ ನೋಡ್ಲಿ, ರಾಜನ್ ಕಿವಿಗೂ ಬೀಳ್ಲಿ ಅಂತ ಕೂತವ್ಳೆ."

ಹೊತ್ತಾಯಿತು ಎಂದು ಪ್ರಾರ್ಥನೆ ಹೇಳಿ ಮುಗಿಸಿಬಿಟ್ಟೆ.

ಆರೋಗ್ಯಮ್ಮನಿಗೆ ಆಗ ಐವತ್ತೆರಡು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ರಾಮನಗರದಲ್ಲಿ ರೋಶನ್ ಬೀ ಎಂಬುವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಇಪ್ಪತ್ತು ವರ್ಷ ಕುದಿಯುವ ನೀರಿನಿಂದ ಗೂಡಿನ ಎಳೆ ಎತ್ತಿ ಎತ್ತಿ ಬೆರಳ ತುದಿಗಳು ಬೆಳ್ಳಗೆ ಬೆಂದುಹೋಗಿದ್ದವು. ಒಬ್ಬನೇ ಮಗ ಜಯಕುಮಾರ್. ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ, ೨೦೦೩ರಲ್ಲಿ, ಒಬ್ಬ ಕಂಟ್ರಾಕ್ಟರ್ ಅವನನ್ನು ಶೆಡ್ಡಿಗೆ ಶೀಟು ಹೊದಿಸಲು ಕರೆದುಕೊಂಡು ಹೋದ. ಹುಡುಗ ಮೇಲಿನಿಂದ ಬಿದ್ದ. ಇಪ್ಪತ್ತೆರಡು ವಯಸ್ಸು. ತಾಯಿ ಕೇಳಲು ಹೋದಾಗ ಕಂಟ್ರಾಕ್ಟರನ ಆಫೀಸಿನಲ್ಲಿ ಹಾಜರಿ ಪುಸ್ತಕ ತೆಗೆದು ತೋರಿಸಿ, ಅಂಥ ಹೆಸರೇ ಇಲ್ಲ ಎಂದರು. ಬಂಡೆಗಳ ಕೆಳಗಿನ ನಮ್ಮ ಸಮಾಧಿ ಭೂಮಿಯಲ್ಲಿ ಅವನನ್ನು ಹೂಳಿದೆವು. ಸುತ್ತಲಿನ ಕಲ್ಲನ್ನು ಆಕೆಯೇ ಹೊತ್ತು ಜೋಡಿಸಿದಳು.

ನಾನು ಇಲ್ಲಿ ಒಂದು ಮಾತು ಹೇಳಲೇಬೇಕು. ರಿಚ್ಪಾಳ ಪಾಠ ಹೇಳಿದ ದಿನಕ್ಕೆ ಎರಡು ವಾರ ಮೊದಲೇ ನಾನು ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ನಮ್ಮ ಪಕ್ಕದ ಹೊಲಗಳನ್ನೆಲ್ಲ ಕೊಂಡು ಲೇಔಟ್ ಮಾಡುತ್ತಿದ್ದ ಬಸವಯ್ಯನಿಗೆ ರಸ್ತೆ ಬೇಕಿತ್ತು. ಸಮಾಧಿ ಭೂಮಿಯ ಕೆಳಭಾಗ ಬಿಟ್ಟುಕೊಟ್ಟರೆ ದೇವಾಲಯಕ್ಕೆ ಹೊಸ ಚಾವಣಿ, ಉಳಿದ ಜಾಗಕ್ಕೆ ಕಾಂಪೌಂಡ್ ಕಟ್ಟಿಸುತ್ತೇನೆ ಎಂದ. ಅಲ್ಲಿದ್ದ ಹನ್ನೊಂದು ಸಮಾಧಿಗಳ ಮೂಳೆ ತೆಗೆದು ಒಂದೇ ಗುಂಡಿಗೆ ಹಾಕುವುದೆಂದು ಮಾತಾಯಿತು. ದೇವಾಲಯ ಸಮಿತಿಯ ಐದೂ ಜನ ಒಪ್ಪಿದೆವು. ಸತ್ತವರ ಮನೆಯವರನ್ನು ಯಾರೂ ಕೇಳಲಿಲ್ಲ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಜೆಸಿಬಿ ಬಂತು. ಬಸ್ಸಿಗೆ ನಿಂತಿದ್ದ ಆರೋಗ್ಯಮ್ಮ ಸದ್ದು ಕೇಳಿ ಓಡಿದಳು. ಅಷ್ಟರಲ್ಲಿ ಎರಡು ಸಮಾಧಿ ಅಗೆದುಹಾಕಿದ್ದರು. ಒಂದು ಮಗುವಿನದು. ಮೂರನೆಯದು ಜಯಕುಮಾರನದು. ಆಕೆ ಹೋಗಿ ಅದರ ಮೇಲೆ ಕೂತುಬಿಟ್ಟಳು.

ಜೆಸಿಬಿ ಓಡಿಸುತ್ತಿದ್ದ ವಹಾಬ್ ಇಂಜಿನ್ ನಿಲ್ಲಿಸಿ ಕೆಳಗಿಳಿದ. ಬಸವಯ್ಯ ಕೂಗಾಡಿದ. "ಏನ್ಲಾ, ಇಳ್ದ್ಬುಟ್ಟೆ? ಹತ್ತು!"

"ತಾಯಿ ಕೂತವ್ರೆ ಸಾರ್. ಇದು ಖಬರಸ್ತಾನ್ ಅಂತ ನೀವು ನಂಗೆ ಹೇಳಿರ್ಲಿಲ್ಲ. ಬೇರೆಯವ್ರನ್ನ ನೋಡ್ಕಳಿ," ಎಂದು ವಹಾಬ್ ಬೀಗದ ಕೈ ಜೇಬಿಗೆ ಹಾಕಿಕೊಂಡ.

ನನ್ನನ್ನು ಕರೆಸಿದರು. ಆರೋಗ್ಯಮ್ಮ ನನ್ನನ್ನು ನೋಡಿದ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

"ನೀವೂ ಸೈನ್ ಹಾಕಿದ್ರಂತೆ. ಓದಿ ಹಾಕಿದ್ರಾ, ಓದ್ದೆ ಹಾಕಿದ್ರಾ?"

"ಓದಿಯೇ ಹಾಕಿದೆ ಅಕ್ಕ."

"ಹಂಗಾದ್ರೆ ಅವತ್ತು ನಂಗೆ ತಾಳ್ಮೆ ಪಾಠ ಹೇಳ್ದಾಗ ನಿಮ್ಗಿದು ಗೊತ್ತಿತ್ತು." ಆಕೆಯ ದನಿ ಏರಿತು. "ಕಂಟ್ರಾಟ್ರು ನನ್ ಮಗ ಅವ್ನ ಪುಸ್ತಕದಲ್ಲಿಲ್ಲ ಅಂದ. ಅವ್ನು ಹೊರಗಿನೋನು. ನೀವು ಅವನ್ಗೆ ಜಪ ಕಲ್ಸಿದೋರು, ಪೆಟ್ಟಿಗೆಗೆ ಹೆಗಲು ಕೊಟ್ಟೋರು. ನೀವೂ ಅವ್ನು ಇಲ್ಲ ಅಂದ್ಬುಟ್ರಲ್ಲ!"

ನಾನು ತಲೆ ತಗ್ಗಿಸಿ ಹಿಂದಿರುಗಿದೆ.

ಆಕೆ ಏಳಲಿಲ್ಲ. ಬಂಡೆಗಳ ಕಾವು ಮುಖಕ್ಕೆ ಹೊಡೆಯುವ ಬಿಸಿಲು. ಮೂರನೆಯ ದಿನ ರೋಶನ್ ಬೀ ರಾಮನಗರದಿಂದ ಆಟೋದಲ್ಲಿ ಬಂದು ಒಂದು ಕೊಡೆ, ಡಬ್ಬಿಯಲ್ಲಿ ಅನ್ನ ಕೊಟ್ಟು, "ನಿನ್ ಜಾಗದಲ್ಲಿ ಯಾರ್ನೂ ಕೂರ್ಸಲ್ಲ. ಗಟ್ಟಿಯಾಗಿರು," ಎಂದು ಹೇಳಿ ಹೋದರು. ನಾಲ್ಕನೆಯ ದಿನದಿಂದ ಸಂಘದ ಹೆಂಗಸರು ಒಬ್ಬೊಬ್ಬರಾಗಿ ತಮ್ಮವರ ಸಮಾಧಿಯ ಪಕ್ಕ ಕೂತರು. ದೇವಾಲಯದ ಮರ್ಯಾದೆ ಹೋಯಿತು ಎಂದು ಸಮಿತಿಯವರು ಗೊಣಗಿದರು. ಅವರ ಜೊತೆ ನಾನೂ ಗೊಣಗಿದೆ.

ಎಂಟನೆಯ ದಿನ ಫಾದರ್ ಬಂದರು. ಆರೋಗ್ಯಮ್ಮ ಎದ್ದು ನಿಲ್ಲಲಿಲ್ಲ.

"ನಂಗೆ ಬರೀ ಕಾಂಪೌಂಡ್ ಅಂತ ಹೇಳಿದ್ರಮ್ಮ. ಈಗ ಏನು ಮಾಡ್ಬೇಕು ಹೇಳಿ," ಎಂದರು ಫಾದರ್.

"ರಸ್ತೆ ಇಲ್ಲಿ ಬರಕೂಡ್ದು. ಆಮೇಲೆ, ಅಲ್ಲಿ ಚೆಲ್ಲಿರೋ ಮೂಳೆನ ಈ ಐದು ಜನಾನೇ ಕೈಯಾರೆ ಆಯ್ಬೇಕು. ಕಡೆಗೆ ದಾವೀದ ರಾಜನೇ ಆ ಮಕ್ಕಳ ಮೂಳೆ ಕೂಡಿಸಿ ಮಣ್ಣು ಮಾಡಿಸ್ದ ಅಂತ ಬೈಬಲ್ನಾಗೆ ಐತಂತೆ. ನನ್ ತಮ್ಮನ ಸೊಸೆ ಓದಿ ಹೇಳಿದ್ಲು. ಉಪದೇಶಿಗಳು ಅಷ್ಟು ದೂರ ಓದ್ನೇ ಇಲ್ಲ. ಇವ್ರೇನು ರಾಜನ್ಗಿಂತ ದೊಡ್ಡೋರಾ?"

ನಿಜ. ಆ ಭಾಗವನ್ನು ನಾನು ಬಿಟ್ಟಿದ್ದೆ.

ಮರುದಿನ ಫಾದರ್ ಜೊತೆ ತಾಲ್ಲೂಕು ಕಚೇರಿಗೆ ಹೋಗಿ, ಮನೆಯವರನ್ನು ಕೇಳದೆ ಸಹಿ ಹಾಕಿದೆವು ಎಂದು ನಾನೇ ಬರೆದುಕೊಟ್ಟೆ. ಸರ್ವೆಯವರು ಬಂದು ಅಳೆದರು. ದಾಖಲೆಯಲ್ಲಿ ಅದು ಸ್ಮಶಾನದ ಜಾಗ, ಸಮಿತಿಗೆ ಕೊಡುವ ಹಕ್ಕೇ ಇರಲಿಲ್ಲ. ಬಸವಯ್ಯ ರಸ್ತೆಯನ್ನು ಆಚೆ ಕಡೆಯಿಂದ ತಿರುಗಿಸಿಕೊಂಡ. ಚಾವಣಿಯೂ ಇಲ್ಲ, ಕಾಂಪೌಂಡೂ ಇಲ್ಲ.

ಐದು ಜನ ಮಂಡಿಯೂರಿ ಕೆಂಪು ಮಣ್ಣನ್ನು ಬೆರಳಲ್ಲಿ ಕೆದಕಿದೆವು. ಆರೋಗ್ಯಮ್ಮ ನಮ್ಮ ತಲೆಯ ಹತ್ತಿರವೇ ನಿಂತಿದ್ದಳು. "ಅಲ್ಲೊಂದೈತೆ ನೋಡಿ. ಅದು ಮಗೀದು. ಒಸಿ ನಿಧಾನ." ಕಡ್ಡಿಯಷ್ಟು ತೆಳ್ಳಗಿನ ಆ ಮೂಳೆ ಅಂಗೈಯಲ್ಲಿ ಇಟ್ಟುಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ. ಆಕೆ ಸಮಾಧಾನ ಹೇಳಲಿಲ್ಲ.

ಒಂದು ವಾರ ಬಿಟ್ಟು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ.

"ಕ್ಷಮಿಸು ಅಂತ ದೇವ್ರು ಹೇಳವ್ನೆ, ಕ್ಷಮಿಸ್ತೀನಿ," ಎಂದಳು. "ಸಿಟ್ಟು ಹೋಗೈತೆ ಅಂತ ಮಾತ್ರ ಸುಳ್ಳು ಹೇಳಲ್ಲ."

ಎರಡು ವರ್ಷ ಆಕೆ ನನ್ನ ಕೈಯಿಂದ ಪರಮಪ್ರಸಾದ ಸ್ವೀಕರಿಸಲಿಲ್ಲ. ನಾನು ಹಂಚುವ ದಿನ ಬೆಂಚಿನಲ್ಲೇ ಕೂತಿರುತ್ತಿದ್ದಳು. ೨೦೦೮ರ ಒಂದು ಭಾನುವಾರ ನನ್ನ ಸಾಲಿನಲ್ಲಿ ನಿಂತಳು. ಆಕೆ ಆಮೆನ್ ಎಂದು ಸ್ವೀಕರಿಸಿ ಹೋದಳು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಕಾದಿದ್ದಳು.

"ದನಗಳು ಸಮಾಧಿ ಮೇಲೆ ಓಡಾಡ್ತಾವೆ. ಯಾರೋ ಕಾಂಪೌಂಡ್ ಕಟ್ಟಿಸ್ಕೊಡ್ಲಿ ಅಂತ ಎಷ್ಟು ದಿನ ಕೂತಿರ್ತೀರಿ? ಕಮಿಟಿ ಕರೀರಿ. ನಾನೂ ಬತ್ತೀನಿ."

ಅದೇ ಸಂಜೆ ಕರೆದೆ. ಬೇಸಿಗೆ ಮುಗಿಯುವುದರೊಳಗೆ ಊರವರೇ ಕಲ್ಲು ಹೊತ್ತು ಎದೆಮಟ್ಟದ ಗೋಡೆ ಎಬ್ಬಿಸಿದೆವು.