ಗಲ್ಲಾ ಬಿಟ್ಟೇಳುವ ಭಟ್ಟರು

ವರ್ತಕ ನಗರದ ಭಟ್ಟರು ಜೀವಮಾನವೆಲ್ಲ ಹೋಟೆಲು ನಡೆಸಿದವರು. ಈಗ ವೃದ್ಧರ ಆರೈಕೆಗೆ ಜನ ಕಳಿಸುವ ನಮ್ಮ ಏಜೆನ್ಸಿಯ ಮಹಾದೇವಿ ಮನೆಯಲ್ಲೇ ಅವರನ್ನು ನೋಡಿಕೊಳ್ಳುತ್ತಾಳೆ. ಆದರೂ ಪದೇ ಪದೇ ಬೀಳುತ್ತಾರೆ. ಇನ್ನೊಮ್ಮೆ ಬಿದ್ದರೆ ವೃದ್ಧಾಶ್ರಮವೇ ಗತಿ ಎಂದು ಮಗಳು ಫೋನು ಮಾಡಿ ಹೇಳಿದ ಮೇಲೆ, ಬೀಳುವುದೇಕೆಂದು ನೋಡಲು ನಾನು ಹೋದೆ.

ನಾನು ಕೂತದ್ದೇ ತಡ, ಭಟ್ಟರು ವಾಕರ್ ಬಿಟ್ಟು ಅಡುಗೆಮನೆಗೆ ಹೊರಟರು.

"ಕಾಫಿ ಬೇಡ ಭಟ್ರೇ!"

"ಎಂಥದು ಮಾರಾಯ್ರೆ! ಬಂದವರನ್ನು ಬರೀ ಬಾಯಲ್ಲಿ ಕಳಿಸಲಿಕ್ಕುಂಟಾ?"

ಅಷ್ಟರಲ್ಲಿ ವಾಲಿದರು. ಮಹಾದೇವಿ ಓಡಿಬಂದು ಹಿಡಿದಳು. "ದಿನಾ ಹಿಂಗ ರೀ ಮೇಡಂ. ನಾ ಕುಂತ್ರೂ ಚಾ ಮಾಡಾಕ ಏಳ್ತಾರ."

"ಭಟ್ರೇ, ಹೋಟೆಲಲ್ಲಿ ಯಜಮಾನರು ಗಲ್ಲಾ ಬಿಟ್ಟು ಏಳುವುದುಂಟಾ?" ಎಂದೆ.

ಅವರು ಥಟ್ಟನೆ ಕುರ್ಚಿಯಲ್ಲಿ ಕೂತು ಕೂಗಿದರು: "ಮಹಾದೇವೀ, ಎರಡು ಕಾಫಿ!"

ಆಮೇಲೆ ಅವರು ಬಿದ್ದಿಲ್ಲ. ಈಗ ಫೋನು ಬರುವುದು ಮಹಾದೇವಿಯದು. ಸಪ್ಲೈ ಲೇಟೆಂದು ಭಟ್ಟರಿಂದ ದಿನಾ ಬೈಗುಳವಂತೆ.