ಇಂಪನಾಳ ಕೈಗೆ ಎರಡು ಗೇಣು

ನಾಲ್ಕೂಕಾಲಿಗೆ ನಲ್ಲಿಯಲ್ಲಿ ನೀರು ಬರುತ್ತದೆ. ಎರಡು ಡ್ರಮ್ಮು, ಆರು ಕೊಡ, ಬಚ್ಚಲಿನ ಹಂಡೆ ತುಂಬಬೇಕು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯಬೇಕು. ಅತ್ತೆ ಮಹಾಂತಮ್ಮನ ಪೂಜೆಗೆ ಹೂವು ಬಿಡಿಸಿ, ವಿಭೂತಿ ತಟ್ಟೆ ಒರೆಸಿಡಬೇಕು. ಹತ್ತು ರೊಟ್ಟಿ ತಟ್ಟಬೇಕು, ಬದನೆಕಾಯಿ ಪಲ್ಯ ಆಗಬೇಕು, ಗಂಡನ ಡಬ್ಬಿ, ಮಗಳ ಡಬ್ಬಿ, ತನ್ನ ಡಬ್ಬಿ ಕಟ್ಟಿ ಅತ್ತೆಯ ಮಧ್ಯಾಹ್ನದ ಊಟ ಮುಚ್ಚಿಡಬೇಕು. ಗಂಡನ ಗ್ರೀಸ್ ಹಿಡಿದ ಅಂಗಿಯನ್ನು ನೆನೆಹಾಕಿ, ನಿನ್ನೆ ನೆನೆಹಾಕಿದ್ದನ್ನು ಉಜ್ಜಿ ಒಣಹಾಕಬೇಕು. ಇಷ್ಟೆಲ್ಲ ಮುಗಿದಾಗಲೂ ಜನ್ನಾಪುರದಲ್ಲಿ ಬೀದಿದೀಪ ಆರಿರುವುದಿಲ್ಲ. ತನುಜಾ ಮೂರನೇ ಕ್ಲಾಸಿನ ಟೀಚರ್ ಆಗುವುದು ಇದಾದ ಮೇಲೆ.

ಏಳೂಕಾಲಿನ ಬಸ್ಸು ಹಿಡಿದರೆ ಹೊತ್ತಿಗೆ ಸರಿಯಾಗಿ ಶಿವಮೊಗ್ಗದ ದುರ್ಗಿಗುಡಿಯ ಶಾಲೆ ಮುಟ್ಟಬಹುದು. ಮಗಳು ಇಂಪನಾ ಈ ಜೂನಿನಿಂದ ಅವಳದೇ ಕ್ಲಾಸಿನಲ್ಲಿದ್ದಳು. ಶಾಲೆಯ ಗೇಟು ದಾಟಿದ ಮೇಲೆ ಅಮ್ಮ ಅನ್ನುವಂತಿಲ್ಲ, ಮಿಸ್ ಅನ್ನಬೇಕು.

ವರ್ಷದ ಮೊದಲ ವಾರಗಳು ಎರಡನೇ ಕ್ಲಾಸಿನಲ್ಲಿ ಮರೆತದ್ದನ್ನು ನೆನಪಿಸುವುದಕ್ಕೇ ಹೋಗುತ್ತವೆ. ಆ ವಾರ ಅಳತೆಯ ಪಾಠ ನಡೆದಿತ್ತು. ಗೇಣು, ಮೊಳ, ಹೆಜ್ಜೆ.

"ಮಿಸ್, ಬೆಂಚು ಒಂಬತ್ತು ಗೇಣು," ಎಂದಳು ರಕ್ಷಾ.

"ಸುಳ್ಳು ಮಿಸ್, ಏಳೇ!" ಅರ್ಮಾನ್ ಬೆಂಚಿನ ಮೇಲೆ ಮತ್ತೆ ಕೈ ಚಾಚಿ ತೋರಿಸಿದ.

"ಅವನ ಕೈ ನೋಡಿ ಮಿಸ್, ಊಟದ ತಟ್ಟೆ ಇದ್ದಂಗಿದೆ. ಮೋಸ!"

ಕ್ಲಾಸು ನಕ್ಕಿತು. ಇಬ್ಬರದೂ ಸರಿ, ಅವರವರ ಕೈಗೆ ಅವರವರ ಅಳತೆ ಎಂದಳು ತನುಜಾ. ಶನಿವಾರ ಮನೆಕೆಲಸ ಕೊಡುವಾಗ ಪುಸ್ತಕದಲ್ಲಿದ್ದ ಬಾಗಿಲು, ಮಂಚ, ಮೇಜು ಅವಳಿಗೇ ಬೇಸರ ತರಿಸಿದವು. 'ಮನೆಯಲ್ಲಿ ನಿಮಗೆ ಬೇಕಾದ ಐದನ್ನು ಅಳೆದು ಬರೆಯಿರಿ' ಎಂದು ಬೋರ್ಡಿನ ಮೇಲೆ ಬರೆದಳು.

ಅಂದು ಅರ್ಧ ದಿನದ ಶಾಲೆ. ಆದರೂ ದಾಖಲೆ ಪುಸ್ತಕ ಬರೆದು ಮನೆ ಸೇರುವಾಗ ನಾಲ್ಕು ಗಂಟೆ. ಶನಿವಾರ ಡಬ್ಬಿ ಒಯ್ಯದೆ ಓಲ್ಡ್ ಟೌನಿನ ತನ್ನ ಟಯರ್ ಅಂಗಡಿಯಿಂದ ಮನೆಗೇ ಊಟಕ್ಕೆ ಬರುವ ಗಂಡ ಯೋಗೇಶ್ ತಣ್ಣಗಿನ ಸಾರು ಉಂಡಿದ್ದ. ಪಾತ್ರೆಯನ್ನು ಒಲೆಯ ಮೇಲಿಟ್ಟು ಬಿಸಿ ಮಾಡಲು ಮನೆಯಲ್ಲಿ ಬೇರೆ ಕೈಗಳಿದ್ದವು. ಅವನವೇ ಎರಡಿದ್ದವು.

ಹೊಸ ಗ್ಯಾಸ್ ಪೈಪು ಹಾಕಿಸಿದಾಗ ಹಳೆಯದನ್ನು ಬಿಸಾಡಲು ಅವನು ಬಿಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ. ಅದನ್ನೇ ತೆಗೆದುಕೊಂಡ. ಮೊದಲ ಏಟು ಭುಜಕ್ಕೆ, ಎರಡನೆಯದು ಸೊಂಟಕ್ಕೆ, ಮೂರನೆಯದು ಬೆನ್ನಿಗೆ ಅಡ್ಡಲಾಗಿ ಸುತ್ತಿಕೊಂಡಿತು. ತನುಜಾ ಸಿಂಕಿನ ಅಂಚು ಹಿಡಿದು ನಿಂತಿದ್ದಳು. ಅವನು ಉಂಡ ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು.

ಮಹಾಂತಮ್ಮ ಟಿವಿಯ ದನಿ ಏರಿಸಿದಳು. "ಮುಖಕ್ಕೆ ಬ್ಯಾಡ ಕಣೋ, ಸೋಮವಾರ ಸ್ಕೂಲಿದೆ ಅವಳಿಗೆ," ಎಂದಳು ಕೂತಲ್ಲಿಂದಲೇ.

ಸಂಜೆ ಇಂಪನಾ ಅಮ್ಮನ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಪುಟ್ಟ ಕೈಯೊಂದು ಬೆನ್ನ ಮೇಲೆ ಬೆರಳು ಅಗಲಿಸಿಕೊಂಡು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೂತು ಎದ್ದಿತು. ಮಗು ಸವರುತ್ತಿದೆ ಅಂದುಕೊಂಡು ತನುಜಾ ಕಣ್ಣು ಮುಚ್ಚಿದಳು.

ಭಾನುವಾರ ತಿಂಡಿಯಾದ ಮೇಲೆ ಯೋಗೇಶನಿಗೆ ಮಗಳ ಮೇಲೆ ಪ್ರೀತಿ ಉಕ್ಕಿತು. "ತೋರ್ಸೇ ಮರಿ, ಏನು ಬರ್ದಿದೀಯ," ಎಂದು ನೋಟ್‌ಬುಕ್ ಎಳೆದುಕೊಂಡು ಗಟ್ಟಿಯಾಗಿ ಓದಿದ. "ಬಾಗಿಲು ಹದಿನಾಲ್ಕು ಗೇಣು. ಅಜ್ಜಿ ಮಂಚ ಹದಿಮೂರು. ಟಿವಿ ಐದು. ರೊಟ್ಟಿ ಹಂಚು ಎರಡು. ಅಮ್ಮನ ಬೆನ್ನಿನ ಬಾಸುಂಡೆ..."

ಅಲ್ಲಿಗೆ ಓದು ನಿಲ್ಲಿಸಿದ. ಎದ್ದು ಹೋಗಿ ಹುರುಳಿಕಾಯಿ ಬಿಡಿಸುತ್ತಿದ್ದ ತನುಜಾಳ ಕತ್ತು ಬಗ್ಗಿಸಿ, ರವಿಕೆ ಮೇಲಕ್ಕೆಳೆದು, ಊದಿದ ಗಾಯದ ಮೇಲೆ ತನ್ನ ಅಂಗೈ ಅಗಲಿಸಿ ಒತ್ತಿದ. ಅವಳ ಬಾಯಿಂದ ದನಿ ಹೊರಟಿತು.

"ನೋಡೇ ಇಲ್ಲಿ. ಒಂದು ಗೇಣು, ಮೇಲೊಂಚೂರು. ಎಲ್ಲಿ ಬಂತು ಎರಡು? ಅಳ್ಸು ಅದನ್ನ. ಸೋಫಾ ಅಂತ ಬರಿ."

"ಅವರವರ ಕೈಲೇ ಅಳೀಬೇಕು ಅಂತ ಮಿಸ್ ಹೇಳಿದಾರೆ," ಎಂದಳು ಇಂಪನಾ. "ನನ್ನ ಕೈಗೆ ಎರಡೇ ಬರೋದು ಅಪ್ಪ."

"ಮಿಸ್ ಅಂತೆ, ಮಿಸ್ಸು! ಚಾಚೇ ಆ ಕೈನ."

ಪೈಪು ಎರಡು ಸಲ ಮಗುವಿನ ಬಲಗೈ ಮೇಲೆ ಬಿತ್ತು. ಎರಡನೆಯ ಏಟಿಗೆ ಕಿರುಬೆರಳು ಗೋಡೆಯ ಮೂಲೆಗೆ ಬಡಿದು ಲಟಕ್ಕೆಂದಿತು. ಮೂರನೆಯದು ಬೀಳುವಷ್ಟರಲ್ಲಿ ತನುಜಾ ಮಗಳ ಮೇಲೆ ಬಿದ್ದಿದ್ದಳು. ಅದು ಅವಳ ಕಿವಿಯ ಹಿಂದೆ ಸೀಳಿತು. ಇಷ್ಟು ದಿನ ಅವನು ಮಗುವನ್ನು ಮುಟ್ಟಿರಲಿಲ್ಲ. ಆ ಒಂದು ಮಾತು ಹಿಡಿದುಕೊಂಡೇ ಅವಳು ಒಂಬತ್ತು ವರ್ಷ ದೂಡಿದ್ದಳು.

"ಅರಿಶಿನ ಹಚ್ಚು, ಇಳಿಯುತ್ತೆ," ಎಂದಳು ಮಹಾಂತಮ್ಮ.

ಇಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಬೆರಳು ನೀಲಿಯಾಗಿತ್ತು. ಅಂದೂ ತನುಜಾ ನೀರು ತುಂಬಿದಳು, ರೊಟ್ಟಿ ತಟ್ಟಿದಳು. ಹೊರಡುವಾಗ ಯೋಗೇಶ್ ಬೈಕು ಒರೆಸುತ್ತಾ ಹೇಳಿದ, "ಆಸ್ಪತ್ರೇಲಿ ಬಾಗಿಲಿಗೆ ಸಿಕ್ಕಿತು ಅನ್ನು. ಜಾಸ್ತಿ ಮಾತಾಡಿದ್ಯೋ, ಸ್ಕೂಲು ಬಿಡ್ಸಿ ಮನೇಲಿ ಕೂರಿಸ್ತೀನಿ."

ಬಸ್ಸಿನಲ್ಲಿ ಇಂಪನಾ ಕೇಳಿದಳು, "ಅಮ್ಮಾ, ನಾನು ಬರ್ದಿದ್ದು ತಪ್ಪಾ?"

"ಇಲ್ಲ ಕಂದಾ."

ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಯಾ ಒಬ್ಬಳು ಮಗುವನ್ನು ಎಕ್ಸ್‌ರೇಗೆ ಕರೆದೊಯ್ದಳು. ತನುಜಾ ಒಬ್ಬಳೇ ನರ್ಸಿನ ಮೇಜಿನ ಎದುರು ನಿಂತಳು.

"ಹೆಂಗಾಯ್ತಮ್ಮ? ಬಿದ್ದಳಾ?" ನರ್ಸು ತಲೆ ಎತ್ತಲಿಲ್ಲ. "ಯಾರಾದ್ರೂ ಹೊಡೆದಿದ್ರೆ ಪೊಲೀಸ್ರಿಗೆ ತಿಳಿಸ್ಬೇಕಾಗುತ್ತೆ. ಬೇಗ ಹೇಳಿ, ಹಿಂದೆ ಜನ ಇದಾರೆ."

ಎರಡು ವರ್ಷದ ಹಿಂದೆ ತನ್ನ ಮಣಿಕಟ್ಟು ಮುರಿದಾಗ, ಇದೇ ಪ್ರಶ್ನೆಗೆ ಬಚ್ಚಲಲ್ಲಿ ಜಾರಿದೆ ಎಂದಿದ್ದಳು ತನುಜಾ. ಈಗಲೂ ಅಂಥದೇ ಮಾತು ನಾಲಿಗೆಯ ತುದಿಯಲ್ಲಿತ್ತು: ಬಾಗಿಲಿಗೆ ಸಿಕ್ಕಿತು. ಬಾಗಿಲು ಅಂದರೆ ತಡವಾದರೂ ಒಂಬತ್ತೂವರೆಗೆ ಶಾಲೆ, ಸಂಜೆಗೆ ಜನ್ನಾಪುರ. ಬಾಗಿಲು ಅನ್ನದಿದ್ದರೆ ಸಂಜೆ ಎಲ್ಲಿಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಯಾರದೆಂದು ನೋಡದೆ ಅದನ್ನು ಆಫ್ ಮಾಡಿದಳು.

"ಅವಳ ಅಪ್ಪ ಹೊಡೆದದ್ದು," ಎಂದಳು. "ಗ್ಯಾಸ್ ಪೈಪಲ್ಲಿ."

ನರ್ಸು ಈಗ ತಲೆ ಎತ್ತಿದಳು. "ಯೋಚ್ನೆ ಮಾಡಿ ಹೇಳಿ ಅಮ್ಮ. ಆಮೇಲೆ ಬಂದು ಬದಲಾಯ್ಸಿ ಅಂದ್ರೆ ಆಗಲ್ಲ."

"ಬರ್ಕೊಳ್ಳಿ ಸಿಸ್ಟರ್. ಯೋಗೇಶ್ ಅಂತ," ಎಂದ ತನುಜಾ ಕಿವಿಯ ಹಿಂದಿನ ಗಾಯದ ಮೇಲಿಂದ ಕೂದಲು ಸರಿಸಿದಳು. "ನನ್ನ ಹೆಸರಲ್ಲೂ ಒಂದು ಚೀಟಿ ಮಾಡಿ."