ಹೊರಗಿನ ಕೋಣೆಯ ಭೌತಶಾಸ್ತ್ರ

ನಮ್ಮತ್ತೆ ನನ್ನ ಮೇಲೆ ಹೊರಿಸಿದ ಅಪವಾದಗಳಲ್ಲಿ ದೊಡ್ಡದೆಂದರೆ, ಪರೀಕ್ಷೆಗೋಸ್ಕರ ನಾನು ದೇವರ ವಿಷಯದಲ್ಲಿ ಸುಳ್ಳು ಹೇಳಿದೆ ಎನ್ನುವುದು. ಉಳಿದವನ್ನೆಲ್ಲ ಮರೆತಿದ್ದೇನೆ, ಇಲ್ಲವೇ ಮರೆತವಳ ಹಾಗೆ ಇದ್ದೇನೆ. ಇದೊಂದನ್ನು ಮಾತ್ರ ನಡೆದದ್ದು ನಡೆದ ಹಾಗೆ ಬರೆದಿಡಬೇಕು.

ನಮ್ಮದು ಹುಳಿಯಾರಿನ ಆಚೆ, ಬೋರನಕಣಿವೆಗೆ ಹೋಗುವ ಕಡೆ ಒಂದು ಹಟ್ಟಿ. ಸುತ್ತ ಮುಳ್ಳುಬೇಲಿ, ಒಳಗೆ ಒತ್ತೊತ್ತಾಗಿ ಮನೆಗಳು, ನಡುವೆ ಗುಡಿ. ಈಗ ಕುರಿ ಕಮ್ಮಿಯಾಗಿ ತೆಂಗು ಜಾಸ್ತಿಯಾಗಿದೆ. ನಮ್ಮ ಯಜಮಾನರು ತೋಟದ ಜೊತೆಗೆ ಒಂದು ಗೂಡ್ಸ್ ಆಟೊ ಇಟ್ಟುಕೊಂಡು ತಿಪಟೂರಿಗೆ ಕೊಬ್ಬರಿ ಸಾಗಿಸುತ್ತಾರೆ. ನಾನು ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಮದುವೆ ಮಾಡಿದರು. ಆಮೇಲೆ ಇಬ್ಬರು ಮಕ್ಕಳು, ಆಮೇಲೆ ಮಾವನಿಗೆ ಲಕ್ವ.

ಮಾವ ಮಲಗಿದಲ್ಲೇ ಇದ್ದ ಕಾಲವೆಲ್ಲ ಅವರನ್ನು ಹೊರಳಿಸಿದವಳು, ತೊಳೆದವಳು, ಬೆನ್ನಿನ ಹುಣ್ಣಿಗೆ ಬಟ್ಟೆ ಕಟ್ಟಿದವಳು ನಾನು. ಹೆತ್ತ ಮಗ, ನಮ್ಮ ಯಜಮಾನರು, ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ತಿಪಟೂರಿನ ಆಸ್ಪತ್ರೆಯಲ್ಲಿ ವಯಸ್ಸಾದ ನರ್ಸೊಬ್ಬರು ಆ ಬೆನ್ನು ನೋಡಿ, "ಯಾರ್ರೀ ಇದನ್ನ ಡ್ರೆಸ್ಸಿಂಗ್ ಮಾಡಿದ್ದು?" ಅಂದರು. ಬೈಯುತ್ತಾರೆ ಅಂದುಕೊಂಡೆ. "ನಿಮ್ ಕೈ ಚೆನ್ನಾಗೈತೆ ಕಣ್ರೀ. ಹೊಸ ಚರ್ಮ ಬಂದೈತೆ ನೋಡಿ. ನರ್ಸಿಂಗ್ ಓದ್ಬಾರ್ದಾ?" ಅಂದುಬಿಟ್ಟರು. ಮದುವೆಯಾದ ಮೇಲೆ ನನ್ನ ಕೈಯನ್ನು ಯಾರಾದರೂ ಚೆನ್ನಾಗಿದೆ ಅಂದದ್ದು ಅದೇ ಮೊದಲು. ಆ ಮಾತಿಗೆ ದೇವರಿಗೆ ಒಂದು ಕಾಯಿ ಒಡೆದೆ.

ಮಾವ ತೀರಿಕೊಂಡ ವರ್ಷ ನರ್ಸಿಂಗ್ ಕಾಲೇಜಿಗೆ ಹೋಗಿ ವಿಚಾರಿಸಿದೆ. ಗುಮಾಸ್ತ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಆರ್ಟ್ಸಾ? ಆಗಲ್ಲಮ್ಮ. ಫಿಸಿಕ್ಸು, ಕೆಮಿಸ್ಟ್ರಿ, ಬಯಾಲಜಿ ಪಾಸ್ ಮಾಡ್ಕೊಂಡ್ ಬನ್ನಿ. ಮೂವತ್ತೈದು ತುಂಬೋದ್ರೊಳಗೆ ಬನ್ನಿ." ಅಂಗಡಿಗೆ ಹೋಗಿ ಉಪ್ಪು ತನ್ನಿ ಅನ್ನುವ ಹಾಗೆ ಹೇಳಿದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೀವು ತೊಳೆಯುವ ಕೆಲಸಕ್ಕೆ ಬೆಳಕು ಗಾಜಿನೊಳಗೆ ಹೇಗೆ ಬಾಗುತ್ತದೆ ಅನ್ನುವುದು ಯಾಕೆ ಬೇಕು ಅಂತ ಅವನಿಗೂ ಗೊತ್ತಿರಲಿಲ್ಲ, ಅವನ ಮೇಲಿನವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ದೇವರು ಅವನನ್ನು ಚೆನ್ನಾಗಿಟ್ಟಿರಲಿ, ನನ್ನ ಕಣ್ಣಿಗೆ ಬೀಳದ ಹಾಗೆ ಇಟ್ಟಿರಲಿ.

ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಗೆ ಫೀಸು ಕಟ್ಟಿದೆ. ಪುಸ್ತಕ ಪೂರಾ ಇಂಗ್ಲಿಷ್. ಭಾನುವಾರ ತಿಪಟೂರಿನಲ್ಲಿ ಪಾಠ. ಫಿಸಿಕ್ಸ್ ಹೇಳಿಕೊಡುವವನು ನನ್ನ ಕೊನೆಯ ತಮ್ಮನಿಗಿಂತ ಚಿಕ್ಕವನು. ಎರಡು ಸಲ ಒಂದೇ ಪ್ರಶ್ನೆ ಕೇಳಿದ್ದಕ್ಕೆ, "ಆಂಟಿ, ಇದು ಒಗ್ಗರಣೆ ಅಲ್ಲ, ಫಿಸಿಕ್ಸು" ಅಂದ. ಹುಡುಗರೆಲ್ಲ ನಕ್ಕರು.

"ಒಗ್ಗರಣೆ ಆಗಿದ್ರೆ ನಾನೇ ನಿಮ್ಗೆ ಹೇಳ್ಕೊಡ್ತಿದ್ದೆ ಸಾರ್," ಅಂದೆ.

ಅವತ್ತಿನಿಂದ ನನ್ನ ಪ್ರಶ್ನೆಗೆ ಅವನು ಬೋರ್ಡಿನ ಕಡೆ ತಿರುಗಿಕೊಂಡೇ ಉತ್ತರ ಹೇಳುತ್ತಿದ್ದ. ಹೇಳುತ್ತಿದ್ದನಲ್ಲ, ಅಷ್ಟು ಸಾಕು.

ಮನೆಯಲ್ಲಿ ಓದುವುದೆಂದರೆ ಯುದ್ಧ. ಪುಸ್ತಕ ಬಿಚ್ಚಿದ ಸದ್ದು ಅತ್ತೆಗೆ ಅದು ಹೇಗೆ ಕೇಳಿಸುತ್ತಿತ್ತೋ. "ಕುರಿಗೆ ನೀರಿಟ್ಟಾ?" "ಅಟ್ಟದ ಮ್ಯಾಲೆ ಇಲಿ ಸದ್ದಾಯ್ತದೆ, ನೋಡೇ." "ಮೊಸರು ಕಡಿದ್ಯಾ?" ಎಲ್ಲ ಮುಗಿಸಿ ಬಂದರೆ, "ಮಕ್ಳು ಓದೋ ವಯಸ್ಸಲ್ಲಿ ಇವ್ಳು ಓದ್ತಾಳೆ. ಯಾರ್ ಕಣ್ಣಿಗೆ ಚೆಂದ ಕಾಣಕ್ಕೋ" ಅಂತ ಬೀದಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ನಮ್ಮ ಯಜಮಾನರು ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ. ಊಟದ ತಟ್ಟೆ ಸರಿಯಾಗಿ ಬಂದರೆ ಅವರಿಗೆ ಲೋಕವೇ ಸರಿಯಾಗಿತ್ತು.

ಇಷ್ಟರಲ್ಲಿ ದೇವರು ನನಗೊಂದು ಜಾಗ ತೋರಿಸಿದ. ನಮ್ಮ ಹಟ್ಟಿಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಮನೆಯೊಳಗೆ ಬರುವ ಹಾಗಿಲ್ಲ. ಬೇಲಿಯ ಆಚೆ ಒಂದು ಕೋಣೆ ಇದೆ, ಅಲ್ಲಿರಬೇಕು. ಊಟ ದೂರದಲ್ಲಿಟ್ಟು ಹೋಗುತ್ತಾರೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಗಂಜಲ ಚಿಮುಕಿಸಿಕೊಂಡು ಒಳಗೆ ಬರಬೇಕು. ಚಳಿಯಲ್ಲಿ ಆ ಕೋಣೆ ಹೇಗಿರುತ್ತದೆ, ಮಳೆಯಲ್ಲಿ ಹೇಗಿರುತ್ತದೆ ಅಂತ ಹೇಳುತ್ತಾ ಕೂತರೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಲ್ಲಿ ಕೂತು ಅಳುತ್ತಿದ್ದೆ. ಆದರೆ ದೇವರ ಮೇಲೆ ನನಗೆ ನಂಬಿಕೆ ಇದೆ, ಕಟ್ಟಳೆ ಮುರಿಯುವ ಧೈರ್ಯ ಇರಲಿಲ್ಲ. ಅಲ್ಲಿದ್ದಾಗ ಕುರಿಗೆ ನೀರಿಡು ಅನ್ನುವವರಿಲ್ಲ, ಒಲೆ ಹಚ್ಚು ಅನ್ನುವವರಿಲ್ಲ. ಅತ್ತೆ ಬೇಲಿಯಾಚೆಯಿಂದ ಬೈಯಬಹುದು, ಅಷ್ಟೇ. ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೋಗತೊಡಗಿದೆ. ಕೆಮಿಸ್ಟ್ರಿಯ ಅರ್ಧ ನಾನು ಕಲಿತದ್ದು ಆ ಕೋಣೆಯ ಗೋಡೆಗೆ ಒರಗಿಕೊಂಡು.

ಅತ್ತೆಗೆ ಗೊತ್ತಾದ ದಿನ ನೇರ ಗುಡಿಯ ಪೂಜಾರಪ್ಪನ ಹತ್ತಿರ ಹೋದರು. ಅವರು ಗುಡಿಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಬೇಲಿಯ ಆಚೆ ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಹೊರಗಾದೋಳು ಪುಸ್ತಕ ಮುಟ್ತಾವ್ಳೆ. ಅದು ಸರಸ್ವತಿ ಅಲ್ವಾ? ಹಟ್ಟಿಗೆ ಕೇಡಾಗಲ್ವಾ?"

ಪೂಜಾರಪ್ಪ ಹಗ್ಗ ಬಿಡಲಿಲ್ಲ. "ಒಲೆ ಮುಟ್ಟಬ್ಯಾಡ ಅಂತ ಹಿರೀಕರು ಯೋಳವ್ರೆ. ಗುಡಿ ಹತ್ರ ಬರಬ್ಯಾಡ ಅಂತ ಯೋಳವ್ರೆ. ಪುಸ್ತಕದ ಇಚಾರ ಏನೂ ಯೋಳಿಲ್ಲ ಕಣವ್ವ. ಅವರ ಕಾಲದಾಗೆ ಹಟ್ಟಿಯಾಗೆ ಪುಸ್ತಕ ಎಲ್ಲಿತ್ತು?"

"ಹಂಗಂದ್ರೆ?"

"ಹಂಗಂದ್ರೆ ನಂಗೆ ಗೊತ್ತಿಲ್ಲ ಅಂತ. ಹೋಗು ತಾಯಿ, ಸುಮ್ನೆ ಓದ್ಲಿ ಬುಡು."

ಪೂಜಾರಪ್ಪ ನನಗೆ ಅನುಕೂಲ ಮಾಡಬೇಕೆಂದು ಹೇಳಿದವರಲ್ಲ. ಹಗ್ಗ ಅರ್ಧಕ್ಕೆ ನಿಂತಿತ್ತು, ಅವರಿಗೆ ಅದರ ಯೋಚನೆ. ಆದರೂ ಉಪಕಾರ ಉಪಕಾರವೇ.

ಹಾಗೂ ಹೀಗೂ ಕೆಮಿಸ್ಟ್ರಿ, ಬಯಾಲಜಿ ಮುಗಿಯಿತು. ಫಿಸಿಕ್ಸ್ ಥಿಯರಿ ಒಮ್ಮೆ ಹೋಯಿತು, ಮತ್ತೆ ಕಟ್ಟಿ ಪಾಸಾದೆ. ಪ್ರಾಕ್ಟಿಕಲ್ ಮಾತ್ರ ಉಳಿಯಿತು, ಯಾಕೆಂದರೆ ಅದರ ದಿನ ಅತ್ತೆಯ ತವರಿನಲ್ಲಿ ಯಾರೋ ದೂರದ ಅಜ್ಜಿ ತೀರಿಕೊಂಡರು. ಬದುಕಿದ್ದಾಗ ಅತ್ತೆ ಆ ಅಜ್ಜಿಯ ಮುಖ ನೋಡಲು ಹೋದವರಲ್ಲ. ಅವತ್ತು ಮಾತ್ರ ನನ್ನನ್ನೂ ಎಳೆದುಕೊಂಡು ಹೋದರು. ಈಗ ಕೊನೆಯ ಅವಕಾಶ. ಈ ಸಲ ಪ್ರಾಕ್ಟಿಕಲ್ ಬರೆದರೆ ಕಾಲೇಜಿಗೆ ಅರ್ಜಿ ಹಾಕಬಹುದು. ತಪ್ಪಿದರೆ, ಮುಂದಿನ ಸಲ ಬರುವಷ್ಟರಲ್ಲಿ ನನಗೆ ವಯಸ್ಸು ಮೀರಿರುತ್ತದೆ. ಇಷ್ಟು ವರ್ಷದ ಓದು ಒಲೆಗೆ ಹಾಕಿದ ಹಾಗೆ.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದ್ದೆ. ತಿಳಿದುಕೊಂಡು ಸುಮ್ಮನಿರಲಿ ಅಂತ ಹೇಳಿದ್ದು. ಅವರು ತಿಳಿದುಕೊಂಡರು, ಸುಮ್ಮನಿರಲಿಲ್ಲ. ಪರೀಕ್ಷೆಯ ದಿನಕ್ಕೇ ಕೊಬ್ಬರಿ ಆಳುಗಳನ್ನು ಕರೆಸಿದರು.

ನಮ್ಮ ಕಡೆ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಡುತ್ತೇವೆ. ಒಳಗೆ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು. ಆಮೇಲೆ ಆಳುಗಳ ಗುಂಪು ಬಂದು ಮಟ್ಟೆ ಸುಲಿದು, ಚಿಪ್ಪು ಬಿಡಿಸಿ, ಗಾಯವಾಗದ ಹಾಗೆ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಬಂದ ದಿನ ಇಡೀ ಗುಂಪಿಗೆ ತಿಂಡಿ, ಮಧ್ಯಾಹ್ನ ಮುದ್ದೆ ಸಾರು. ಬೇಯಿಸುವವಳು ನಾನೊಬ್ಬಳೇ.

"ಆಳು ಸಿಕ್ಕಿದ ದಿನ ಕೆಲ್ಸ ಆಗ್ಬೇಕು," ಅಂದರು ಅತ್ತೆ.

"ಹಿಂದಿನ್ ದಿನ ಬರ್ತೀವಿ ಅಂದಿದ್ರಂತೆ. ನೀವೇ ಬ್ಯಾಡ ಅಂದ್ರಂತೆ."

"ಯಾರಂದ್ರು?"

"ಆಳುಗಳೇ ಅಂದ್ರು."

"ಅಂದಿದ್ರೆ ಅಂದಿರ್ಲಿ. ಇದು ನನ್ ಮನೆ. ನಿನ್ ಪರೀಕ್ಸೆಗೆ ಹೊಂದಿಸ್ಕೊಂಡು ತೆಂಗು ಕಾಯಿ ಬುಡ್ತದಾ?"

ಯಜಮಾನರ ಮುಖ ನೋಡಿದೆ. "ಒಂದಿನ ಏನಾಯ್ತದೆ, ಬುಡು," ಅಂದರು. ಯಾವುದನ್ನು ಬಿಡಬೇಕು ಅಂತ ಹೇಳಲಿಲ್ಲ. ಹಿಂದಿನ ದಿನವೆಲ್ಲ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ಅವರೆಕಾಳು ಆರಿಸುತ್ತಾ, ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದೆ. ಮನಸ್ಸಿನಲ್ಲಿ ಹೇಳುತ್ತಿದ್ದದ್ದನ್ನು ದೇವರು ಕೇಳಿಸಿಕೊಂಡಿರಬಾರದು.

ಬೆಳಗಿನ ಜಾವ ಕಸ ಗುಡಿಸಲು ಎದ್ದೆ. ಅಂಗಳಕ್ಕೆ ಬರುವಷ್ಟರಲ್ಲಿ ತಿಳಿಯಿತು. ದಿನ ಇನ್ನೂ ಬಾಕಿ ಇತ್ತು, ಹಾಗೆ ಮುಂಚೆ ಬಂದದ್ದು ನನಗೆ ಅಪರೂಪ. ಪೊರಕೆ ಅಲ್ಲೇ ಬಿಟ್ಟು ಬೀದಿಗೆ ಇಳಿದು ನಿಂತೆ.

"ಅತ್ತೆ, ನಾನು ಹೊರಗಾದೆ."

ಅವರು ಬಾಗಿಲಿಗೆ ಬಂದರು. ನಂಬಲಿಲ್ಲ. "ಸುಳ್ಳು ಬೊಗಳಬ್ಯಾಡ. ನಿನ್ ದಿನ ನಂಗೆ ಗೊತ್ತಿಲ್ವಾ? ಬಾ ಒಳೀಕೆ. ಆಳು ಬರೋ ಹೊತ್ತಾಯ್ತು."

"ಬರ್ಲಾ? ನೀವು ಹೇಳಿದ್ರೆ ಬತ್ತೀನಿ. ಒಲೆ ಹಚ್ತೀನಿ. ದ್ಯಾವ್ರು ಕೇಳಿದ್ರೆ ನೀವೇ ಕರೆದ್ರಿ ಅಂತೀನಿ."

ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷದಲ್ಲಿ ಅವರು ನನಗೆ ಹೆದರಿದ್ದು ಅದೊಂದೇ ಸಲ. ನನಗೆ ಆಗ ಮರುಕ ಬರಲಿಲ್ಲ, ಈಗಲೂ ಬರುವುದಿಲ್ಲ.

ಆದರೆ ಹಾಲ್‌ಟಿಕೆಟ್ಟು, ಬಟ್ಟೆ, ರೆಕಾರ್ಡು ಎಲ್ಲ ಒಳಗಿತ್ತು. ನಾನು ಒಳಗೆ ಹೋಗುವ ಹಾಗಿಲ್ಲ. ಬೀದಿಯಲ್ಲಿ ನಿಂತು ಯಜಮಾನರನ್ನು ಕೂಗಿದೆ. ಅವರು ಕಣ್ಣುಜ್ಜಿಕೊಂಡು ಬಂದರು, ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಕಿಟಕಿ ಹತ್ರ ನೀಲಿ ಚೀಲ ಐತೆ. ಈಚೆಗೆ ಹಾಕಿ."

"ಹಾಕಬ್ಯಾಡ ಕಣ್ಲಾ," ಅಂದರು ಅತ್ತೆ. "ಅವ್ಳು ಆಟ ಕಟ್ಟವ್ಳೆ."

ಯಜಮಾನರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ತಿಪಟೂರಿನ ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ ಚೀಲ ಹೊಸ್ತಿಲಾಚೆ ಬಂದು ಧೂಳಿನಲ್ಲಿ ಬಿತ್ತು. "ತಗಾ, ಹೋಗಿ ಹಾಳಾಗು," ಅಂದರು. ಚೀಲದ ಮೇಲ್ಗಡೆ ಬಸ್ಸಿಗೆ ಬೇಕಾದ ದುಡ್ಡು ಮಡಿಚಿಟ್ಟಿತ್ತು. ಅದು ನಾನು ಇಟ್ಟದ್ದಲ್ಲ. ಬೈಗುಳಕ್ಕೆ ಬೈಗುಳ, ದುಡ್ಡಿಗೆ ದುಡ್ಡು. ಎರಡನ್ನೂ ತೆಗೆದುಕೊಂಡು ಹೊರಟೆ. ಹೊರಗಾದವಳನ್ನು ಕೈ ಹಿಡಿದು ನಿಲ್ಲಿಸುವವರು ಹಟ್ಟಿಯಲ್ಲಿ ಯಾರಿದ್ದಾರೆ?

ಹೊರಗಿನ ಕೋಣೆಯಲ್ಲೇ ಬಟ್ಟೆ ಬದಲಾಯಿಸಿ ರಸ್ತೆಗೆ ಬಂದು ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ಸೊಂಟ ಹಿಡಿದುಕೊಂಡೇ ಕೂತಿದ್ದೆ. ಲ್ಯಾಬಿನಲ್ಲಿ ನನಗೆ ಬಂದದ್ದು ಮಸೂರದ ಪ್ರಯೋಗ. ಮೇಣದಬತ್ತಿ ಹಚ್ಚಿ, ಮಸೂರವನ್ನು ಹಿಂದೆ ಮುಂದೆ ಸರಿಸಿ, ಪರದೆಯ ಮೇಲೆ ದೀಪದ ಚಿತ್ರ ಚೂಪಾಗುವ ತನಕ ಹುಡುಕಬೇಕು. ಗುಡಿಯ ಬಾಗಿಲು ಮುಟ್ಟಬಾರದ ಕೈ ಗಾಜು ಮುಟ್ಟಿತು, ದೀಪ ಹಚ್ಚಿತು. ಯಾವುದೂ ಸುಟ್ಟುಹೋಗಲಿಲ್ಲ. ತಲೆಕೆಳಗಾದ ಪುಟ್ಟ ಜ್ವಾಲೆ ಪರದೆಯ ಮೇಲೆ ನಿಂತಾಗ, ತಪ್ಪಾಗಿದ್ದರೆ ಕ್ಷಮಿಸಪ್ಪ, ಮೊದಲು ಅಳತೆ ಬರೆದುಕೊಳ್ಳುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಪರೀಕ್ಷೆ ಮಾಡಲು ಬಂದವರು ನನ್ನ ರೆಕಾರ್ಡು ತಿರುವುತ್ತಾ, "ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ ನಿಮ್ಗೆ?" ಅಂದರು.

"ನಂಗೇನೂ ಬೇಡ ಸಾರ್. ಬೇಕು ಅಂತ ಕೇಳ್ದೋರು ನಿಮ್ಮೋರೇ."

ಮೂತಿ ಸೊಟ್ಟ ಮಾಡಿಕೊಂಡರು. ಆದರೆ ಕೇಳಿದ ಪ್ರಶ್ನೆಗಳೆಲ್ಲ ನಾನು ಆ ಕೋಣೆಯಲ್ಲಿ ಓದಿದ್ದವೇ ಆಗಿದ್ದವು.

ಅತ್ತ ಮನೆಯಲ್ಲಿ ಅತ್ತೆಯೇ ಮುದ್ದೆ ತೊಳಸಬೇಕಾಯಿತಂತೆ. ಗಂಟು ಗಂಟಾಗಿ, "ಇದೇನವ್ವ, ಕೊಬ್ಬರಿ ಬುಡ್ಸಿದ ಹಂಗೆ ಹಿಟ್ಟಿನ ಗಂಟು ಬುಡ್ಸಬೇಕಾ?" ಅಂತ ಆಳುಗಳು ಆಡಿಕೊಂಡರಂತೆ. ಆ ಸಿಟ್ಟೂ ಸೇರಿತು. ನಾಲ್ಕನೆಯ ದಿನ ನಾನು ತಲೆಗೆ ನೀರು ಹಾಕಿಕೊಂಡು ಬರುವುದನ್ನೇ ಕಾದಿದ್ದರು. ಗುಡಿಯ ಮುಂದೆ ಕರ್ಪೂರ ಹಚ್ಚಿಸಿ ಆಣೆ ಕೇಳಿದರು. ಹಟ್ಟಿಯ ಹೆಂಗಸರೆಲ್ಲ ಸೇರಿದ್ದರು.

"ಸುಳ್ಳಾದ್ರೆ ನಿನ್ ಮಕ್ಳಿಗೆ ತಗಲ್ತದೆ, ಯೋಚ್ನೆ ಮಾಡು," ಅಂದರು.

ಅವರದೇ ಮೊಮ್ಮಕ್ಕಳು. ಆ ಮಾತನ್ನು ನಾನು ಕ್ಷಮಿಸಿಲ್ಲ. ದೇವರು ಕ್ಷಮಿಸು ಅನ್ನುತ್ತಾನೆ, ಪ್ರಯತ್ನ ನಡೆದಿದೆ.

ಉರಿಯ ಮೇಲೆ ಕೈ ಹಿಡಿದು ಹೇಳಿದೆ: "ಅವತ್ತು ಜಾವದಾಗೆ ಅಂಗಳದಲ್ಲಿ ನಾನು ಹೊರಗಾದದ್ದು ನಿಜ. ಸುಳ್ಳಾದ್ರೆ ನನ್ನ ಕೈ ಸೇದಿಹೋಗ್ಲಿ. ಮಕ್ಳ ಹೆಸ್ರು ನಾನೆತ್ತಲ್ಲ." ಪೂಜಾರಪ್ಪ ಕರ್ಪೂರ ಆರುವ ತನಕ ನೋಡಿ, "ಆಯ್ತು, ಮನೀಗ್ ನಡೀರಿ," ಅಂದರು.

ಕೈ ಸೇದಿಹೋಗಲಿಲ್ಲ. ಫಲಿತಾಂಶ ಬಂತು, ಪಾಸಾಗಿದ್ದೆ. ಹೆಚ್ಚು ಅಂಕ ಏನಲ್ಲ, ಸಾಕಷ್ಟು. ವಯಸ್ಸು ತುಂಬುವ ಮುಂಚೆಯೇ ಕಾಲೇಜಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಅದೇ ಗುಮಾಸ್ತ. ಅವನಿಗೆ ನನ್ನ ನೆನಪೇ ಇರಲಿಲ್ಲ. ಆ ಓದಿನ ವರ್ಷಗಳುದ್ದಕ್ಕೂ ಅವನ ಮುಖಕ್ಕೆ ಹೇಳಬೇಕೆಂದು ಜೋಡಿಸಿಟ್ಟಿದ್ದ ಮಾತೆಲ್ಲ ದಂಡವಾಯಿತು. ಸೀಟು ಸಿಕ್ಕಿದೆ ಅಂತ ಕೆಲವು ದಿನದ ಮೇಲೆ ಫೋನು ಬಂತು.

ಅವತ್ತು ಸಂಜೆ ಅತ್ತೆ ಜಗುಲಿಯ ಮೇಲೆ ಕೂತಿದ್ದರು. ಆಣೆಯ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವರು, ತಾವಾಗಿಯೇ ಕೇಳಿದರು.

"ಅಲ್ಲಿ ಹೊರಗಾದಾಗ ಏನ್ ಮಾಡ್ತೀಯೆ? ಆಸ್ಪತ್ರೆಯಾಗೆ ಬೇರೆ ಕೋಣೆ ಕೊಡ್ತಾರಾ?"

"ಇಲ್ಲ."

"ಹಂಗೇ ಎಲ್ಲಾರ್ನೂ ಮುಟ್ತೀಯಾ? ಮುದುಕ್ರನ್ನ, ಮಕ್ಳನ್ನ?"

ಇದನ್ನು ನಾನೇ ದೇವರ ಮುಂದೆ ಎಷ್ಟೋ ಸಲ ಕೇಳಿದ್ದೆ. ಅವನು ಬೇಡ ಅಂದಿರಲಿಲ್ಲ, ಸರಿ ಅಂತಲೂ ಅಂದಿರಲಿಲ್ಲ. ಅವನು ಬಾಯಿ ಬಿಡದಿದ್ದರೆ ನಾನಾದರೂ ಬಿಡಬೇಕು.

"ಮುಟ್ತೀನಿ ಕಣತ್ತೆ," ಅಂದೆ. "ನಿಮ್ಮನ್ನ ತಂದು ಮಲಗಿಸಿದ್ರೆ ನಿಮ್ಮನ್ನೂ ಮುಟ್ತೀನಿ."

ಅವರು ಸೆರಗು ಎಳೆದುಕೊಂಡು ಆ ಕಡೆ ತಿರುಗಿ ಕೂತರು. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.